ಹುಲಿ ಎಂದ ದರ್ಜಿ

"ಗೊತ್ತಿಲ್ಲದ ವಸ್ತುವನ್ನು ಕೊಳ್ಳಲು ಹೋದವನು ಅಂಗಡಿಯವನ ಮಾತನ್ನು ಎಷ್ಟು ನಂಬಬೇಕು, ವಸ್ತಾದರೇ?"

ಹೀಗೆ ಕೇಳಿದವನು ನನ್ನ ಶಿಷ್ಯ ಭರಮಪ್ಪ. ನಾನು ಗರಡಿಯಲ್ಲಿ ಕುಸ್ತಿ ಕಲಿಸುವವನು. ಕುಸ್ತಿಗೆ ಬಂದವರು ನನ್ನನ್ನು ಕುಸ್ತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ, ಎತ್ತಿನ ಹಲ್ಲಿನಿಂದ ಹಿಡಿದು ಬೀಗರ ಮನಸ್ಸಿನವರೆಗೆ. ನಾನು ಹೇಳಿದ್ದು ತಪ್ಪಿದ ದಿನ ಇನ್ನೂ ಬಂದಿಲ್ಲ. ಶಾಲೆಯ ಮೆಟ್ಟಿಲು ತುಳಿಯದವನಿಗೆ ಇಷ್ಟು ತಿಳುವಳಿಕೆ ಎಲ್ಲಿಂದ ಬಂತು ಎಂದು ಶಾಲೆಯ ಮಾಸ್ತರರೇ ಬಂದು ವಿಚಾರಿಸಿ ಹೋಗಿದ್ದಾರೆ.

ಭರಮಪ್ಪ ಕಂಕುಳಲ್ಲಿ ಕ್ಯಾಮೆರಾದ ಡಬ್ಬಿ ಇಟ್ಟುಕೊಂಡು ಬಂದಿದ್ದ. ಅಂಗಡಿಯವನು ಇಲ್ಲದ್ದು ಹೇಳಿ ಕೆಲಸಕ್ಕೆ ಬಾರದ್ದನ್ನು ತಲೆಗೆ ಕಟ್ಟಿದನಂತೆ. ಗರಡಿಯ ನಾಲ್ಕು ಜನರನ್ನು ಜೊತೆಗೆ ಕಳಿಸಿದರೆ ಹೋಗಿ ನ್ಯಾಯ ಕೇಳಿ ಬರುತ್ತೇನೆ ಎಂದ. ನಿನಗೆ ಕ್ಯಾಮೆರಾ ಬೇಕಾಗಿದ್ದು ಏತಕ್ಕೆ ಎಂದು ಕೇಳಿದೆ. ಅದನ್ನು ಹೇಳಲಿಲ್ಲ. ಡಬ್ಬಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ.

ಜನ ಆಮೇಲೆ, ಮೊದಲು ಕತೆ ಕೇಳು ಎಂದು ಕೂರಿಸಿದೆ.

ಒಬ್ಬ ದರ್ಜಿ ಇದ್ದ. ಅಂಥ ದರ್ಜಿ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಓಡುವ ಕುದುರೆಯ ಅಳತೆಯನ್ನು ಕಣ್ಣಿನಲ್ಲೇ ತೆಗೆದು, ಕುದುರೆ ಊರು ಸುತ್ತಿ ಬರುವುದರೊಳಗೆ ಅದರ ಬೆನ್ನಿಗೆ ಹೊದಿಸುವ ಜೂಲ ಹೊಲಿದು ಮುಗಿಸಿದ್ದ. ನಂಬದವರು ನಂಬದೆ ಇರಲಿ. ಕುದುರೆ ನಂಬಿ ತೊಟ್ಟುಕೊಂಡಿತು.

ಅವನ ಮುಂದೆ ಸುಳ್ಳು ಅಳತೆ ಕೊಟ್ಟವರಿಗೆ ಉಳಿಗಾಲವಿರಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ನಿಂತ ಗಿರಾಕಿಗೆ, ಉಸಿರು ಬಿಡಿರಿ ಗೌಡರೇ, ನಾನು ಹೊಲಿಯುವುದು ಹೊಟ್ಟೆಗೆ, ಮರ್ಯಾದೆಗಲ್ಲ ಎಂದು ನಾಲ್ಕು ಜನರ ಎದುರಿಗೆ ಹೇಳಿಬಿಡುತ್ತಿದ್ದ.

ಅವನ ಹೆಂಡತಿಯ ಮುಖದ ಮೇಲೆ ತೊನ್ನು ಇತ್ತು. ಮದುವೆಯಾದ ಮೇಲೆ ಬಂದದ್ದು. ಮೊದಲು ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ, ಆಮೇಲೆ ಕಣ್ಣ ಸುತ್ತ, ಆಮೇಲೆ ಕೆನ್ನೆಗೆ. ಅಂದಿನಿಂದ ಅವಳು ಸೆರಗನ್ನು ಮುಖದ ಅರ್ಧಕ್ಕೆ ಎಳೆದುಕೊಂಡೇ ಓಡಾಡಿದಳು. ಮದುವೆಯ ಮನೆಯಲ್ಲಿ ಫೋಟೋದವನು ಬಂದ ಎಂದರೆ ಅಡುಗೆಯವರ ಕಡೆ ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತ ಕೂರುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಅವಳಿಗೆ ಮದುವೆ ಗೊತ್ತಾಯಿತು. ಏನು ಬೇಕು ಎಂದು ತಂದೆ ಕೇಳಿದಾಗ ಅವಳು ಸೀರೆಯ ಮಾತು ಎತ್ತಲಿಲ್ಲ, ಒಡವೆಯ ಮಾತು ಎತ್ತಲಿಲ್ಲ. ಗಂಡನ ಮನೆಯ ಗೋಡೆಗೆ ಹಾಕಿಕೊಳ್ಳಲು ಅವ್ವನ ಒಂದು ಫೋಟೋ ಬೇಕು ಎಂದಳು. ಅವ್ವನ ಮುಖವಿಲ್ಲದ ಮನೆಯಲ್ಲಿ ತನಗೆ ಊಟ ಸೇರುವುದಿಲ್ಲ ಎಂದಳು.

ತಾಯಿ ಒಪ್ಪಲಿಲ್ಲ. ಸ್ಟುಡಿಯೋಕ್ಕೆ ಹೋದರೆ ಯಾವನೋ ಗುರುತಿಲ್ಲದವನು ದೀಪ ಹಾಕಿ ಮುಖ ನೋಡುತ್ತಾನೆ. ಮೊಬೈಲಿನಲ್ಲಿ ತೆಗೆದರೆ ಸಂಜೆಯೊಳಗೆ ಅದು ಕೈಯಿಂದ ಕೈಗೆ ದಾಟಿ ಬೀಗರ ಊರನ್ನೂ ಮುಟ್ಟುತ್ತದೆ. ಎರಡೂ ಬೇಡ ಎಂದಳು. ಮಗಳು ಎರಡು ದಿನ ಮಾತು ಬಿಟ್ಟಳು. ಕೊನೆಗೆ ತಾಯಿ ಗಂಡನನ್ನು ಕರೆದು, ಒಂದು ಸಲ ಕೂರುತ್ತೇನೆ, ಆದರೆ ಅಡುಗೆಮನೆಯಲ್ಲಿ, ತೆಗೆಯುವವರು ನೀವೇ ಆಗಬೇಕು, ನೋಡುವವರೂ ನೀವೊಬ್ಬರೇ ಆಗಬೇಕು ಎಂದಳು.

ದರ್ಜಿಯ ಎದೆ ಉಬ್ಬಿತು. ಇಷ್ಟು ವರ್ಷಗಳ ಮೇಲೆ ಅವಳು ಬೆಳಕಿನಲ್ಲಿ ಮುಖ ತೋರಿಸುತ್ತೇನೆ ಎಂದದ್ದು ತನಗೊಬ್ಬನಿಗೆ. ಅವಳ ಫೋಟೋವನ್ನು ಬೇರೆಯವರ ಕ್ಯಾಮೆರಾದಲ್ಲಿ ತೆಗೆಯಬಾರದು, ಸ್ವಂತದ್ದೇ ತರಬೇಕು ಎಂದು ಪೇಟೆಗೆ ಹೊರಟ.

ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಮಾರುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಕ್ಯಾಮೆರಾ ರಿಪೇರಿಗೆ ಎಂದು ಬಂದವನು ಅವನ ಅಂಗಡಿಯಿಂದ ಇನ್ನೆರಡು ಕ್ಯಾಮೆರಾ ಹೊತ್ತು ಹೋಗುತ್ತಿದ್ದ, ರಿಪೇರಿ ಮಾತ್ರ ಹಾಗೇ ಉಳಿಯುತ್ತಿತ್ತು. ಆದರೆ ಅಂಗಡಿಯ ಹೊರಗೆ ಅವನು ಕ್ಯಾಮೆರಾ ಹಿಡಿದವನಲ್ಲ. ಯಾವ ಲೆನ್ಸು ಏತಕ್ಕೆ ಎಂದು ಕೇಳಿದರೆ ಕೈಯಲ್ಲಿ ತೂಗಿ ನೋಡಿ ಹೇಳುತ್ತಿದ್ದ. ಭಾರವಾದದ್ದು ಒಳ್ಳೆಯದು. ಇನ್ನೂ ಭಾರವಾದದ್ದು ಇನ್ನೂ ಒಳ್ಳೆಯದು. ಬಹಳ ದಿನದಿಂದ ಮಾರಾಟವಾಗದೆ ಕೂತದ್ದು ಎಲ್ಲಕ್ಕಿಂತ ಒಳ್ಳೆಯದು.

ದರ್ಜಿ ಹೋದಾಗ ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಮೈತುಂಬ ಜೇಬಿದ್ದ ಅಂಗಿ ತೊಟ್ಟವರು. ಕಾಡಿನ ಮಾತು ಆಡುತ್ತಿದ್ದರು. ಒಬ್ಬ ಆನೆಯನ್ನು ತೆಗೆದಿದ್ದ, ಒಬ್ಬ ಹದ್ದನ್ನು ತೆಗೆದಿದ್ದ. ದರ್ಜಿ ಗಾಜಿನ ಕಪಾಟಿನ ಮೂಲೆಯಲ್ಲಿದ್ದ ಒಂದು ಚಿಕ್ಕ ಲೆನ್ಸನ್ನು ಕೇಳಿ ತೆಗೆಸಿಕೊಂಡ. ಅದು ಮುಷ್ಟಿಯಲ್ಲಿ ಅಡಗುವಷ್ಟಿತ್ತು. ಕ್ಯಾಮೆರಾಕ್ಕೆ ಹಾಕಿಸಿ ಎದುರಿಗಿದ್ದ ವ್ಯಾಪಾರಿಯ ಮುಖವನ್ನೇ ನೋಡಿದ. ಒಂದು ಮಾರು ದೂರದಲ್ಲಿ ಅವನ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಂಡವು. ಹಿಂದಿನ ಕಪಾಟು ಮಸಕಾಗಿ ಮುಖವೊಂದೇ ಉಳಿಯಿತು. ದರ್ಜಿಯ ಕಣ್ಣು ಅಳತೆಯ ಕಣ್ಣು. ತನ್ನ ಅಡುಗೆಮನೆಗೆ ಇದೇ ಸರಿ ಎಂದು ಅವನಿಗೆ ಆಗಲೇ ತಿಳಿಯಿತು.

ಆಗ ವ್ಯಾಪಾರಿ ಕೇಳಿದ.

"ತಾವು ಏನ್ ತೆಗೀತೀರಿ ಸಾಹೇಬ್ರ?"

ಜೇಬಿನ ಅಂಗಿಯವರು ತಿರುಗಿ ನೋಡಿದರು. ಹೆಂಡತಿ ಎಂದರೆ ನಗುತ್ತಾರೆ ಎಂದುಕೊಂಡ ದರ್ಜಿ. ನಗದಿದ್ದರೆ ಮುಖದ ಬಣ್ಣ ಎಂಥದು, ಬೆಳಕು ಎಷ್ಟು ಎಂದು ವಿಚಾರಿಸುತ್ತಾರೆ. ಆಗ ತೊನ್ನಿನ ಮಾತು ಬರುತ್ತದೆ. ಆ ಮಾತು ನಾಲಿಗೆಗೆ ಬರುವ ಮೊದಲೇ ಅವನ ಕಿವಿ ಬಿಸಿಯಾದವು.

"ಹುಲಿ," ಎಂದ.

ವ್ಯಾಪಾರಿ ಹುಲಿಯನ್ನು ಬೆಂಕಿಪೊಟ್ಟಣದ ಮೇಲೆ ಮಾತ್ರ ಕಂಡಿದ್ದ. ಆದರೂ ಹುಲಿ ಯಾವ ಲೆನ್ಸಿಗೆ ಒಲಿಯುತ್ತದೆ, ಯಾವುದಕ್ಕೆ ಮುನಿಯುತ್ತದೆ ಎಂದು ಹುಲಿಯ ಮನೆಯ ಅಳಿಯನ ಹಾಗೆ ವಿವರಿಸಿದ. ಚಿಕ್ಕ ಲೆನ್ಸನ್ನು ದರ್ಜಿಯ ಕೈಯಿಂದ ತೆಗೆದುಕೊಂಡು ಮೂಲೆಗೆ ಸರಿಸಿದ. ಅದು ಕಲಿಯುವ ಹುಡುಗರದಂತೆ, ದೂರದ್ದನ್ನು ಹತ್ತಿರಕ್ಕೆ ಎಳೆಯುವುದಿಲ್ಲವಂತೆ, ಸಾಹೇಬರಂಥವರ ಕೈಗೆ ಒಪ್ಪುವುದಿಲ್ಲವಂತೆ. ಆಮೇಲೆ ಅಟ್ಟದಿಂದ ಒಂದನ್ನು ಇಳಿಸಿ ಧೂಳು ಒರೆಸಿದ. ದರ್ಜಿ ಕ್ಯಾಮೆರಾದ ಜೊತೆಗೆ ಅದನ್ನೇ ಕೊಂಡ.

ಅದರ ಉದ್ದವನ್ನು ಏನೆಂದು ಹೇಳಲಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡರೆ ಅದರ ಮೂತಿ ಡ್ರೈವರನ ಕಿವಿಗೆ ತಾಗುತ್ತಿತ್ತು. ಕಂಡಕ್ಟರು ಅದಕ್ಕೂ ಒಂದು ಟಿಕೀಟು ಹರಿದ.

ಮರುದಿನ ಮಧ್ಯಾಹ್ನ ಹೆಂಡತಿ ಮುಖ ತೊಳೆದು ಕುಂಕುಮ ಇಟ್ಟುಕೊಂಡಳು. ಮಗಳನ್ನು ನೆರೆಮನೆಗೆ ಕಳಿಸಿದಳು. ಒಲೆಯ ಪಕ್ಕ ಮಣೆ ಹಾಕಿ ಕೂತು ಸೆರಗನ್ನು ಹಿಂದಕ್ಕೆ ಸರಿಸಿದಳು. ದರ್ಜಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಮೂಗಿನ ಒಂದು ಹೊಳ್ಳೆ ಕಂಡಿತು, ಅದೂ ಮಸಕು. ಲೆನ್ಸು ಗುರ್ ಎಂದು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹೋಗಿ ಸೋತು ನಿಂತಿತು. ಹತ್ತಿರದ್ದನ್ನು ಕಾಣುವ ಶಕ್ತಿ ಅದಕ್ಕಿರಲಿಲ್ಲ.

ಅವನು ಹಿಂದೆ ಸರಿದ. ಬೆನ್ನಿಗೆ ಗೋಡೆ ಬಂತು. ಬಾಗಿಲಿನಿಂದ ನಡುಮನೆಗೆ ಹೋಗಿ ನೋಡಿದ. ಒಂದು ಕಣ್ಣು ಕಂಡಿತು. ಹೊರಗಿನ ಕಟ್ಟೆಗೆ ಇಳಿದ. ಅಷ್ಟು ದೂರಕ್ಕೆ ಅಡುಗೆಮನೆಯ ಬೆಳಕು ಸಾಲದೆ ಎಲ್ಲ ಕತ್ತಲೆಯಾಯಿತು. ಬಾಗಿಲಿಗೆ ಬಾ ಎಂದ. ಅವಳು ಅನುಮಾನಿಸಿದಳು. ಬೀದಿಯಲ್ಲಿ ಯಾರೂ ಇಲ್ಲ, ನಾನಿದ್ದೇನಲ್ಲ ಎಂದ. ಗಂಡನ ಮಾತನ್ನು ನಂಬಿ ಅವಳು ಹೊಸ್ತಿಲಿಗೆ ಬಂದು ನಿಂತಳು. ಅವನು ಬೀದಿ ದಾಟಿದ. ಆಚೆ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಗೋಡೆ ಅಡ್ಡ ಬರದಿದ್ದರೆ ಅವನು ಹಿಂದೆ ಹಿಂದೆ ಸರಿಯುತ್ತ ಮುಂದಿನ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ.

ಆ ಗೋಡೆಗೆ ಒರಗಿದಾಗ ಅವಳ ಮುಖ ಪೂರ್ತಿ ಕಂಡಿತು. ರೆಪ್ಪೆಗಳನ್ನು ಎಣಿಸಬಹುದಿತ್ತು. ದರ್ಜಿ ಹಿಗ್ಗಿದ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿದವನಿಗೆ ಅಕ್ಕಪಕ್ಕ ಕಾಣುವುದಿಲ್ಲ. ಅಂಥ ಲೆನ್ಸನ್ನು ಊರು ಎಂದೂ ನೋಡಿರಲಿಲ್ಲ. ಗಿರಣಿಯಲ್ಲಿದ್ದವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಅವನ ಎರಡೂ ಕಡೆ ಜನ ಕೂಡಿತು. ಅಷ್ಟರಲ್ಲಿ ಗಾಳಿಗೆ ಸೆರಗು ಅವಳ ಕೆನ್ನೆಗೆ ಬಂತು. ಗಿರಣಿಯ ಸದ್ದಿನಲ್ಲಿ ಕೇಳಿಸಲಿ ಎಂದು ದರ್ಜಿ ಗಂಟಲು ಬಿಚ್ಚಿ ಕೂಗಿದ.

"ಸೆರಗ ಸರಸ, ಮಾರಿ ಪೂರಾ ಕಾಣಲಿ."

ಜನ ಲೆನ್ಸನ್ನು ಬಿಟ್ಟು ಅದು ನೋಡುತ್ತಿದ್ದ ಕಡೆ ನೋಡಿದರು. ಯಾರೂ ನಗಲಿಲ್ಲ. ಒಬ್ಬ ಹೆಂಗಸು ಲೊಚಗುಟ್ಟಿದಳು, ಅಷ್ಟೇ. ಕ್ಯಾಮೆರಾದೊಳಗಿನ ಮುಖ ಗಂಡನ ಕಡೆಯಿಂದ ಹೊರಳಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಆಮೇಲೆ ಅಲ್ಲಿ ಸೆರಗು ಬಂತು. ಆಮೇಲೆ ಬರೀ ಬಾಗಿಲು.

ದರ್ಜಿ ಒಳಗೆ ಹೋದ. ಅವಳು ಮಣೆಯನ್ನು ಎತ್ತಿ ಗೋಡೆಗೆ ಆನಿಸುತ್ತಿದ್ದಳು. ಎಲ್ಲ ಆ ವ್ಯಾಪಾರಿಯಿಂದ ಆದದ್ದು ಎಂದು ಅವನು ಶುರುಮಾಡಿದ. ಮಾರುವವನಿಗೇ ಗೊತ್ತಿಲ್ಲ ಎಂದ, ಅಳತೆಗೆಟ್ಟದ್ದನ್ನು ಕೊಟ್ಟು ಮನೆ ಹಾಳುಮಾಡಿದ ಎಂದ, ಅವನ ಕೈ ಸೇದಿಹೋಗಲಿ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಂಗಡ್ಯಾಗ ಯಾರ ಫೋಟೋ ಅಂತ ಹೇಳಿದ್ರಿ?"

ಅವಳ ಮುಂದೆ ಅವನಿಗೆ ಸುಳ್ಳು ಬರಲಿಲ್ಲ.

"ಹುಲಿದು."

ಅವಳು ನಕ್ಕಳು. ಆ ನಗೆ ಕೇಳುವುದಕ್ಕಿಂತ ಅವಳು ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಹುಲಿಗೂ ಮೈಮ್ಯಾಲೆ ಪಟ್ಟಿ ಇರ್ತಾವ. ಅದನ್ನ ಹೇಳಾಕ ನಿಮಗ ನಾಚಿಕಿ ಆಗಲಿಲ್ಲ."

ಅವಳು ಬಹಳ ದೊಡ್ಡ ಮನಸ್ಸಿನವಳು. ಹೋಗಿ ಹೆಂಡತಿಯ ಫೋಟೋ ಎಂದು ಬಾಯಿ ಬಿಟ್ಟು ಹೇಳಿ ಬೇರೆಯದನ್ನು ತಂದರೆ ಮಗಳ ಸಲುವಾಗಿ ಇನ್ನೊಮ್ಮೆ ಕೂರುತ್ತೇನೆ ಎಂದಳು. ತೊನ್ನು ಇದೆ ಎಂದೂ ಹೇಳಿರಿ, ಊರೇ ನೋಡಿದ್ದನ್ನು ಅಂಗಡಿಯವನಿಗೆ ಮುಚ್ಚುವುದೇನು ಎಂದಳು.

ಅವನು ಆ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ. ಹೆಂಡತಿ, ಹೆಂಡತಿ ಎಂದು ಗೊಣಗುತ್ತಿದ್ದವನನ್ನು ಕಂಡು ಬಸ್ಸಿನವರು ಇವನ ಹೆಂಡತಿ ತೀರಿಕೊಂಡಿರಬೇಕು ಎಂದು ಕೂರಲು ಜಾಗ ಬಿಟ್ಟರು.

ಅಂದು ಅಂಗಡಿಯಲ್ಲಿ ಜೇಬಿನ ಅಂಗಿಯವರು ಇರಲಿಲ್ಲ. ವ್ಯಾಪಾರಿ ಒಬ್ಬನೇ ಇದ್ದ. ಲೆನ್ಸು ವಾಪಸು ಬಂದದ್ದನ್ನು ನೋಡಿ ಬೇಸರ ಮಾಡಿಕೊಳ್ಳಲಿಲ್ಲ. ಹುಲಿ ಸರಿ ಬರಲಿಲ್ಲವೇ ಎಂದು ಕೇಳಿದ. ಬಿಡಿ, ಹೊಂದಲಿಲ್ಲವೆಂದರೆ ಬದಲಿ ಕೊಡುತ್ತೇನೆ, ಏನು ತೆಗೆಯಬೇಕಾಗಿದೆ ಎಂದಷ್ಟೇ ಹೇಳಿ ಎಂದ. ಚಿಕ್ಕ ಲೆನ್ಸು ಕಪಾಟಿನ ಮೂಲೆಯಲ್ಲಿ ಹಾಗೇ ಇತ್ತು. ಕೇಳುವವರು ಯಾರೂ ಇರಲಿಲ್ಲ. ಒಂದೇ ಒಂದು ಮಾತು ಬೇಕಾಗಿತ್ತು.

ದರ್ಜಿ ನೆಲ ನೋಡಿದ.

"ನವಿಲು," ಎಂದ.

ವ್ಯಾಪಾರಿ ಏಣಿ ಹಾಕಿ ಅಟ್ಟದಿಂದ ಮೊದಲಿನದಕ್ಕಿಂತ ಉದ್ದವಾದದ್ದನ್ನು ಇಳಿಸಿದ.

ಸಂಜೆ ಮನೆಯ ಬಾಗಿಲಲ್ಲಿ ಮೊದಲು ಲೆನ್ಸು ಬಂತು. ಬಹಳ ಹೊತ್ತಿನ ಮೇಲೆ ಅದರ ಹಿಂದೆ ದರ್ಜಿ ಬಂದ. ಹೆಂಡತಿ ಅದರ ಉದ್ದವನ್ನು ನೋಡಿದಳು. ಏನು ಹೇಳಿದಿರಿ ಎಂದು ಕೇಳಲಿಲ್ಲ. ಸೆರಗನ್ನು ಎಳೆದುಕೊಂಡು, ಊಟಕ್ಕೆ ಏಳಿ ಎಂದಳು.

ಮಗಳ ಮದುವೆಯಾಯಿತು. ಅವ್ವನ ಫೋಟೋಕ್ಕೆ ಎಂದು ಅವಳು ಗಂಡನ ಮನೆಯ ಗೋಡೆಗೆ ಮೊಳೆ ಹೊಡೆಸಿದ್ದಳು. ಈಗ ಅದಕ್ಕೆ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಇಲ್ಲಿಗೆ ಕತೆ ನಿಲ್ಲಿಸಿದೆ. ಭರಮಪ್ಪನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಅಂಗಡಿಯವನದು ತಪ್ಪೇ ಇಲ್ಲವೇ, ತನಗೇ ತಿಳಿಯದ್ದನ್ನು ತಿಳಿದವನಂತೆ ಹೇಳಿ ಎರಡು ಸಲ ಮೋಸ ಮಾಡಲಿಲ್ಲವೇ ಎಂದು ದನಿ ಏರಿಸಿ ಕೇಳಿದ. ಮಾಡಿದ, ಇಲ್ಲ ಎನ್ನುವುದಿಲ್ಲ ಎಂದೆ. ಆಮೇಲೆ ಇನ್ನೊಂದು ಮಾತು ಹೇಳಿದೆ. ಅದನ್ನು ಕೇಳಿ ಭರಮಪ್ಪ ಡಬ್ಬಿಯನ್ನು ಮತ್ತೆ ಆ ಕಂಕುಳಿನಿಂದ ಈ ಕಂಕುಳಿಗೆ ಬದಲಿಸಿದ.

"ಅವನು ಮೋಸ ಮಾಡಿದ್ದು ಒಂದು ಹುಲಿಗೆ, ಒಂದು ನವಿಲಿಗೆ. ಆ ಹೆಣ್ಣುಮಗಳಿಗಲ್ಲ, ತಮ್ಮಾ."