ಜಮಖಾನ ಹಾಸಿದ ದಿನ

ಹೊಳೆಯ ದಂಡೆಯ ಮೇಲೆ ಅಂಬಾಬಾಯಿಯವರ ನೃತ್ಯಶಾಲೆ. ಹಲಗೆಯ ನೆಲ, ಹಂಚಿನ ಮಾಡು, ಹಿಂದೆ ಎರಡು ಕೋಣೆ. ಅಷ್ಟೇ.

ಅಲ್ಲಿ ಕಲಿಯುತ್ತಿದ್ದ ಏಳು ಹೆಂಗಸರನ್ನು ಬೇರೆ ಯಾವ ಗುರುವೂ ಹೊಸ್ತಿಲ ಒಳಗೆ ಕರೆದಿರಲಿಲ್ಲ. ಸಾವಂತ್ರಿಗೆ ಕಣ್ಣು ಕಾಣದು. ಹೊನ್ನವ್ವನ ಬಲಗಾಲು ಪೋಲಿಯೋದಿಂದ ಸೊರಗಿತ್ತು, ಕಂಕುಳಲ್ಲಿ ಊರುಗೋಲು. ಫಕೀರವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಿಮಾತಿಲ್ಲ. ಉಣ್ಣುವುದು, ಜಗಳಾಡುವುದು, ಕುಣಿಯುವುದು ಎಲ್ಲ ಒಟ್ಟಿಗೇ.

ಮಂದಾಕಿನಿ ಹತ್ತು ವರ್ಷದಿಂದ ಅಂಬಾಬಾಯಿಯವರ ಶಿಷ್ಯೆ. ಈ ಏಳು ಮಂದಿಗೆ ನಿತ್ಯದ ಪಾಠ ಹೇಳುವವಳು ಅವಳೇ. ಹೆಜ್ಜೆ ಕೂದಲೆಳೆಯಷ್ಟು ತಪ್ಪಿದರೂ ಸಹಿಸುತ್ತಿರಲಿಲ್ಲ. ಶಾಸ್ತ್ರದ ಹಸ್ತಮುದ್ರೆಗಳೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ಫಕೀರವ್ವನ ಕೈಮಾತು ಮಾತ್ರ ಕಲಿತಿರಲಿಲ್ಲ. ಅದನ್ನು ತಿಳಿಸಿ ಹೇಳಲು ಹೊನ್ನವ್ವ ಇದ್ದಳಲ್ಲ.

ಒಮ್ಮೆ ಅಂಬಾಬಾಯಿ ಕಣ್ಣಿನ ಪೊರೆ ತೆಗೆಸಲು ಪಟ್ಟಣಕ್ಕೆ ಹೊರಟರು.

"ನೀವು ಬರೂತನಕ ನಾ ಏನು ನೆನಪಿಡಬೇಕು, ಅಮ್ಮಾ?" ಎಂದು ಮಂದಾಕಿನಿ ಕೇಳಿದಳು.

"ಒಂದು ದಿನಾ ಅವರ ಸಾಲಿನ್ಯಾಗ ನಿಂತು ಕುಣಿ."

ಮಂದಾಕಿನಿ ತಲೆಯಾಡಿಸಿದಳು. ಆದರೆ ನಿಲ್ಲಲಿಲ್ಲ. ಪುರಸೊತ್ತಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳು. ಕಲಿಸುವವಳು ಸಾಲಿನಲ್ಲಿ ನಿಂತರೆ ಆಮೇಲೆ ಸಾಲು ತನಗೆ ಬಗ್ಗೀತೇ ಎಂದು ಅಳುಕಿದ್ದಳು.

ಅಷ್ಟರಲ್ಲಿ ಊರಿನ ಹಿರಿಯರು ಕುಣಿತ ನೋಡಲು ಬರುವೆವೆಂದು ಹೇಳಿ ಕಳಿಸಿದರು. ಈ ಹೆಂಗಸರು ಜನರ ಮುಂದೆ ಕುಣಿಯುವುದು ಅದೇ ಮೊದಲು.

ಹತ್ತು ದಿನ ಅಭ್ಯಾಸ ನಡೆಯಿತು. ಎಲ್ಲರ ಹೆಜ್ಜೆ ಕೂಡಿತು. ಒಂದೇ ಒಂದು ಸಂಗತಿ ಮಂದಾಕಿನಿಯ ಕಿವಿಗೆ ಚುಚ್ಚುತ್ತಿತ್ತು: ಹಲಗೆಯ ಮೇಲೆ ಹೊನ್ನವ್ವನ ಊರುಗೋಲು. ಟಕ್, ಟಕ್, ಟಕ್.

ಹಿರಿಯರು ಬರುವ ದಿನ ಬೆಳಿಗ್ಗೆ ಮಂದಾಕಿನಿ ಎಲ್ಲಿಂದಲೋ ದಪ್ಪ ಜಮಖಾನ ತರಿಸಿ ನೆಲದ ತುಂಬ ಹಾಸಿದಳು. ಊರುಗೋಲಿನ ತುದಿಗೆ ಅರಿವೆ ಸುತ್ತಿದಳು.

"ಅಕ್ಕಾರ, ಸಪ್ಪಳ ಇರಲಿ ಬಿಡ್ರಿ," ಎಂದಳು ಹೊನ್ನವ್ವ. "ಅದು ಫಕೀರವ್ವಗ..."

"ಮಂದಿ ನಿಮ್ಮ ಕುಣಿತ ನೋಡಬೇಕು. ಕೋಲಿನ ಸಪ್ಪಳ ಕೇಳಿ ಅಯ್ಯೋ ಪಾಪ ಅನಬಾರದು. ನಿಮ್ಮ ಮರ್ಯಾದಿ ಸಲುವಾಗೇ ಮಾಡಾಕತ್ತೀನಿ. ಹೋಗು, ಸೀರಿ ಉಟಗೋ."

ಮೂಲೆಯಲ್ಲಿ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದ ಸಾವಂತ್ರಿ ಕೇಳಿದಳು: "ಜಮಖಾನದ ಬಣ್ಣ ಯಾವುದ್ರಿ, ಅಕ್ಕಾರ?"

"ಕೆಂಪು."

"ಚಲೋ ಆತು. ಮಂದಿ ಅದನ್ನರ ನೋಡಿಕೋತ ಕುಂದರಲಿ."

ಹೊನ್ನವ್ವ ನಗಲಿಲ್ಲ.

ಸಂಜೆ ಹಿರಿಯರು ಬಂದು ಕುಳಿತರು. ಹಾಡು ಶುರುವಾಯಿತು. ಮೊದಲ ಸಾಲು ಮುಗಿಯುವ ಮುಂಚೆಯೇ ಫಕೀರವ್ವನ ಕಾಲು ತಡವರಿಸಿತು. ಅವಳು ನೆಲ ನೋಡಿದಳು. ಅಂಗಾಲನ್ನು ಜಮಖಾನದ ಮೇಲೆ ಒತ್ತಿ ಒತ್ತಿ ನೋಡಿದಳು. ಪಕ್ಕದ ಹೊನ್ನವ್ವನ ಕಡೆ ತಿರುಗಿದಳು. ಹೊನ್ನವ್ವ ಊರುಗೋಲನ್ನು ಎತ್ತಿ ಎತ್ತಿ ಕುಟ್ಟಿದಳು. ಏನೂ ದಾಟಲಿಲ್ಲ.

ಫಕೀರವ್ವ ನಡುವೆಯೇ ನಿಂತುಬಿಟ್ಟಳು.

ಆಗ ಮಂದಾಕಿನಿಗೆ ಹೊಳೆಯಿತು. ಆ ಟಕ್ ಟಕ್ ಹಲಗೆಯೊಳಗೆ ಹರಿದು ಫಕೀರವ್ವನ ಅಂಗಾಲಿಗೆ ಮುಟ್ಟುತ್ತಿತ್ತು. ಅವಳ ತಾಳ ಅದೇ.

ಯಾರೂ ನಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಚಪ್ಪಾಳೆ ತಟ್ಟಿದರು. ಪಾಪ, ಇಷ್ಟಾದರೂ ಮಾಡಿದಳಲ್ಲ ಎಂದರು.

ಫಕೀರವ್ವ ಆ ಕೈಗಳನ್ನು ನೋಡಿದಳು, ಆ ಮುಖಗಳನ್ನು ನೋಡಿದಳು. ಅಲ್ಲೇ ಕುಳಿತು ಗೆಜ್ಜೆ ಬಿಚ್ಚಿಟ್ಟಳು. ಮರುದಿನದ ಮೊದಲ ದೋಣಿಗೆ ಹೊಳೆ ದಾಟಿ ಅಣ್ಣನ ಮನೆಗೆ ಹೋದಳು.

ವಾರದ ಮೇಲೆ ಅಂಬಾಬಾಯಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮಂದಾಕಿನಿ ಏನನ್ನೂ ಮುಚ್ಚಿಡದೆ ಹೇಳಿದಳು.

"ಆಕಿಗೆ ತಾಳ ಎಲ್ಲಿಂದ ಬರತಿತ್ತು ಅಂತ ನನಗ ಗೊತ್ತಿರಲಿಲ್ಲ, ಅಮ್ಮಾ."

"ಎಷ್ಟು ದಿನ ಕಲಿಸಿದಿ?"

"ಎರಡು ವರ್ಷ."

ಅಂಬಾಬಾಯಿ ಎದ್ದು ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಮಂದಾಕಿನಿ ಹೊಳೆ ದಾಟಿದಳು. ಫಕೀರವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮಂದಾಕಿನಿ ಕೈಮುಗಿದಳು. ಫಕೀರವ್ವ ಒಮ್ಮೆ ಅವಳ ಬೆನ್ನ ಹಿಂದೆ ಇಣುಕಿ, ಅಂಗೈಯನ್ನು ತನ್ನ ಕಂಕುಳಿಗೆ ಒತ್ತಿ ತೋರಿಸಿದಳು. ಮಂದಾಕಿನಿಗೆ ಅರ್ಥವಾಗಲಿಲ್ಲ. ಅಣ್ಣನ ಹೆಂಡತಿಯನ್ನು ಕೇಳಿದಳು.

"ನಮಗೂ ಆಕಿ ಮಾತು ಅಷ್ಟು ತಿಳಿಯಂಗಿಲ್ಲ ಬಿಡ್ರಿ. ಜೋಳ ಹಸನು ಮಾಡು ಅನ್ನೂದೊಂದು ನಾವು ಕಲತೇವಿ."

ಎರಡನೆಯ ಸಲ ಮಂದಾಕಿನಿ ಅವಳ ಗೆಜ್ಜೆ ಒಯ್ದಳು. ಮೂರನೆಯ ಸಲ ಬರಿಗೈಯಲ್ಲಿ ಹೋಗಿ ಅಂಗಳದಲ್ಲೇ ಮಧ್ಯಾಹ್ನದವರೆಗೆ ಕುಳಿತಳು. ಫಕೀರವ್ವ ಮತ್ತೆ ಹಿಂದೆ ಇಣುಕಿದಳು, ಕಂಕುಳಿಗೆ ಅಂಗೈ ಒತ್ತಿದಳು, ಜೋಳದ ಮೊರಕ್ಕೆ ಕೈಹಾಕಿದಳು. ಮೊದಲ ಸಲ ಅವಳ ಕಣ್ಣಲ್ಲಿ ಏನೋ ನಿರೀಕ್ಷೆ ಇತ್ತು. ಮೂರನೆಯ ಸಲ ಇರಲಿಲ್ಲ.

ಮಂದಾಕಿನಿ ಗುರುವಿನ ಮುಂದೆ ಬಂದು ಕುಸಿದು ಕುಳಿತಳು. "ನಾ ಕಲಿಸಾಕ ಯೋಗ್ಯ ಅಲ್ಲ. ಮನಿಗೆ ಹೋಗತೀನಿ."

"ಅವತ್ತು ಹೊನ್ನವ್ವ ಏನೋ ಹೇಳಾಕ ಬಂದಿದ್ಲಲ್ಲ. ಪೂರಾ ಹೇಳಿದಳೇನು?"

"ಆಕಿ ಏನು ಹೇಳಾಕ ಬಂದಿದ್ಲು ಅಂತ ಈಗ ನನಗ ಗೊತ್ತೈತಿ, ಅಮ್ಮಾ."

"ಗೊತ್ತೈತಿ," ಎಂದರು ಅಂಬಾಬಾಯಿ. ಮುಖ ಹೊಳೆಯ ಕಡೆ ತಿರುಗಿಸಿದರು.

ಮಂದಾಕಿನಿ ಎದ್ದು ಹಿಂದಿನ ಕೋಣೆಗೆ ಹೋದಳು. ಹೊನ್ನವ್ವ ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಹೊನ್ನವ್ವ, ಅವತ್ತು ನಿನ್ನ ಮಾತು ಅರ್ಧಕ್ಕ ಕಡಿದೆ. ಈಗ ಹೇಳು."

"ಅರ್ಧಾ ನಿಮಗ ತಿಳದೈತಿ. ಇನ್ನರ್ಧಾ ಕೇಳ್ರಿ." ಹೊನ್ನವ್ವ ದಾರ ಕಚ್ಚಿ ಹರಿದಳು. "ಸಣ್ಣಾಕಿ ಇದ್ದಾಗಿಂದ ನಮ್ಮ ಮನ್ಯಾಗ ಒಂದೇ ಮಾತು. ಸಪ್ಪಳ ಮಾಡಬ್ಯಾಡ, ಬೀಗರು ಬಂದಾರ. ಸಪ್ಪಳ ಮಾಡಬ್ಯಾಡ, ಹೊರಗ ಮಂದಿ ಅದಾರ. ಈ ಕೋಲಿನ ಸಪ್ಪಳ ನನಗ ಬೇಕು ಅಂತ ಮೊದಲು ಕೈಮಾತಿನ್ಯಾಗ ಅಂದಾಕಿ ಫಕೀರವ್ವ. ನೀವೂ ಅದಕ್ಕ ಅರಿವಿ ಸುತ್ತಿದ್ರಿ."

ಮಂದಾಕಿನಿ ಗೋಡೆಗೆ ಒರಗಿಸಿದ್ದ ಊರುಗೋಲಿನ ಕಡೆ ನೋಡಿದಳು.

"ಆಕಿ ಹತ್ರ ತಪ್ಪಾತು ಅನ್ನಾಕ ಮೂರು ಸಲ ಹೊಳಿ ದಾಟಿದ್ರಿ, ಅಕ್ಕಾರ. ನಾ ಇಲ್ಲೇ ಇದ್ದೆ. ನಡುವ ಒಂದು ಗ್ವಾಡಿ."

"ತಪ್ಪಾತು" ಎಂಬ ಮಾತನ್ನು ಇಷ್ಟು ತಡವಾಗಿ ಆಡಲು ಮಂದಾಕಿನಿಗೆ ನಾಚಿಕೆಯಾಯಿತು. ಕಡೆಗೆ ಆಡಿದಳು. ಹೊನ್ನವ್ವ ಸೂಜಿಗೆ ಮತ್ತೆ ದಾರ ಪೋಣಿಸಿ ಇನ್ನೊಂದು ಗುಂಡಿ ಹಚ್ಚತೊಡಗಿದಳು.

"ಫಕೀರವ್ವ ಮೂರೂ ಸಲ ಹಿಂಗ ತೋರಿಸಿದಳು," ಎಂದು ಮಂದಾಕಿನಿ ಅಂಗೈಯನ್ನು ಕಂಕುಳಿಗೆ ಒತ್ತಿದಳು. "ಹಂಗಂದ್ರ ಏನು?"

ಹೊನ್ನವ್ವನ ಸೂಜಿ ನಿಂತಿತು. ಕಣ್ಣು ತುಂಬಿ ಬಂದವು.

"ಅದು ನನ್ನ ಹೆಸರು, ಅಕ್ಕಾರ. ನಾ ಯಾಕ ಬಂದಿಲ್ಲ ಅಂತ ಕೇಳ್ಯಾಳ."

ಮಂದಾಕಿನಿ ಹೊರಗೆ ಓಡಿಬಂದು ಗುರುವಿನ ಮುಂದೆ ನಿಂತಳು. ಉಸಿರು ಏರಿತ್ತು.

"ಅಮ್ಮಾ, ಈಗ ತಿಳೀತು. ನಾಳಿ ಮೊದಲ ದೋಣಿಗೇ ಹೊನ್ನವ್ವನ್ನ ಕರಕೊಂಡು ಹೋಗತೀನಿ."

ಅಂಬಾಬಾಯಿ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಮೊದಲು ಒಳಗ ಹೋಗಿ ಕೇಳು. ಆಕಿ ನಿನ್ನ ಕರಕೊಂಡು ಹೋಗತಾಳೇನಂತ."