ಲಾರಿಗೂ ಲಾರಿಗೂ ನಡುವೆ

ರಸ್ತೆಯಿಂದ ಕೊರೆದು ತಂದ ಡಾಂಬರಿನ ತುಂಡನ್ನು ಪ್ರಯೋಗಾಲಯದ ಒತ್ತುಯಂತ್ರ ಬೆಳಗಿನಿಂದ ಬಿಡದೆ ಒತ್ತುತ್ತಿತ್ತು. ಮಧ್ಯಾಹ್ನ ಸಂಶೋಧಕಿ ವಾರಿಜಾ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜಲ್ಲಿಕಲ್ಲಿನ ಪಕ್ಕದಲ್ಲೇ ಡಾಂಬರು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ‘ಇದರ ಕಥೆ ಮುಗಿಯಿತು’ ಎಂದುಕೊಂಡು, ತುಂಡನ್ನು ಕಿಟಕಿಯ ಬಿಸಿಲಲ್ಲಿಟ್ಟು ಊಟಕ್ಕೆ ಹೋದಳು.

“ನನ್ನ ಹಾಗೆ ಗಟ್ಟಿಯಾಗಿದ್ದರೆ ನೀನು ಬಿರಿಯುತ್ತಿರಲಿಲ್ಲ” ಎಂದು ಜಲ್ಲಿ ಗದರಿತು.

“ಗಟ್ಟಿಯಾಗಿದ್ದರೆ ನಿನ್ನನ್ನು ಅಪ್ಪಿಕೊಳ್ಳುವುದು ಹೇಗೆ?” ಎಂದಿತು ಡಾಂಬರು. “ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕೂಡಿಕೊಳ್ಳುತ್ತೇನೆ.”

“ರಸ್ತೆಯಲ್ಲಿ ನಿನ್ನನ್ನು ಯಾರು ಸುಮ್ಮನೆ ಬಿಡುತ್ತಾರೆ?” ಎಂದು ಯಂತ್ರ ನಕ್ಕಿತು.

“ಒಂದು ಲಾರಿ ಹೋಗಿ ಇನ್ನೊಂದು ಬರುವವರೆಗೆ ಚೂರು ಬಿಡುವು ಇರುತ್ತದಲ್ಲ, ಅಣ್ಣಾ. ಇಷ್ಟು ವರ್ಷ ಅದರಲ್ಲೇ ಬದುಕಿದ್ದೇನೆ. ನೀನು ಅದನ್ನೂ ಕೊಡಲಿಲ್ಲ.”

ಬಿಸಿಲಿಗೆ ಡಾಂಬರು ಮೆಲ್ಲಗೆ ಮೆತ್ತಗಾಗತೊಡಗಿತು.

ವಾರಿಜಾ ಬಂದು ಮತ್ತೆ ನೋಡಿದಳು. ಬಿರುಕು ಕೂಡಿಕೊಂಡಿತ್ತು. ಬೇರೆ ತುಂಡಿರಬೇಕೆಂದು ಅದರ ಮೇಲೆ ಬರೆದಿದ್ದ ಸಂಖ್ಯೆ ಓದಿದಳು, ಅದೇ ತುಂಡು. ಬೆರಗಾಗಿ ಅದನ್ನು ತಿರುಗಿ ಯಂತ್ರದೊಳಗಿಟ್ಟಳು.

ಯಂತ್ರ ಒಮ್ಮೆ ಒತ್ತಿತು. ಆಮೇಲೆ, ತಾನು ಹುಟ್ಟಿದಂದಿನಿಂದ ಮೊದಲ ಬಾರಿಗೆ, ಕೇಳಿತು: “ಈಗಲೇ ಒತ್ತಲೇ, ಸ್ವಲ್ಪ ತಾಳಲೇ?”

“ತಾಳಣ್ಣಾ” ಎಂದದ್ದು ಜಲ್ಲಿ.