ಡಿಕ್ಕಿಯಲ್ಲಿದ್ದ ಬಾಳೆಗೊನೆ

ಏಳು ಹೋಬಳಿಯಲ್ಲಿ ನನ್ನಂಥ ಡ್ರೈವರ್ ಇಲ್ಲ. ಅವತ್ತು ಮೈಲಿಗಲ್ಲೇ ಅಡ್ಡ ಬಂತು. ಪಕ್ಕದ ಮನೆ ಪುಟ್ಟಮಾದಯ್ಯನಿಂದ ಎರವಲು ತಂದ ಕಾರಿನ ಮೂತಿ ಜಜ್ಜಿಹೋಯಿತು. ವಿಮೆ ಸಿಗದಿದ್ದರೆ ಅವನು ಜನ್ಮದಲ್ಲಿ ನನ್ನ ಮುಖ ನೋಡುವವನಲ್ಲ.

ವಿಮೆ ಆಫೀಸಿನ ಸಾಹೇಬರು ಕಾರಿನ ಫೋಟೊ ನೋಡಿ ಕೇಳಿದರು: "ಡಿಕ್ಕಿಯಲ್ಲಿ ಬಾಳೆಗೊನೆ ಯಾಕಿತ್ತು, ಅಜ್ಜ?"

"ಪುಟ್ಟಮಾದಯ್ಯನಿಗೆ ಸ್ವಾಮಿ. ಎರವಲು ತಂದದ್ದನ್ನ ಬರಿದಾಗಿ ವಾಪಸ್ ಕೊಡಬಾರದಲ್ಲ."

"ಹಾಗಾದರೆ ಅದು ಬಾಡಿಗೆ. ಮನೆ ಕಾರನ್ನ ಬಾಡಿಗೆಗೆ ಬಿಟ್ಟರೆ ವಿಮೆ ಇಲ್ಲ."

ಅವರ ಮೇಜಿನ ಮೇಲೊಂದು ಸ್ಟೀಲ್ ಡಬ್ಬಿಯಿತ್ತು. "ಇದು ನಿಮ್ಮದಾ ಸ್ವಾಮಿ?" ಅಂದೆ.

"ಅಕ್ಕನ ಮನೆಯದು. ಪಾಯಸ ಕಳಿಸಿದ್ದಳು. ಸಂಜೆ ವಾಪಸ್ ಕೊಡೋಕೆ ನಮ್ಮವಳು ಚಕ್ಕುಲಿ ತುಂಬಿಸಿದ್ದಾಳೆ."

"ಡಬ್ಬಿ ಬಾಡಿಗೆ ಜಾಸ್ತಿಯಾಯ್ತು ಸ್ವಾಮಿ."

ಸಾಹೇಬರು ಡಬ್ಬಿಯನ್ನ ಪಕ್ಕಕ್ಕೆ ಸರಿಸಿದರು. ಆಮೇಲೆ ಅರ್ಜಿಯಲ್ಲಿ ಬರೆದಿದ್ದ 'ಬಾಡಿಗೆ' ಹೊಡೆದುಹಾಕಿ 'ಎರವಲು' ಅಂತ ಬರೆದರು.

ಸಹಿ ಹಾಕಲು ಅವರ ಪೆನ್ನು ಇಸ್ಕೊಂಡೆ. ವಾಪಸ್ ಕೊಡುವಾಗ ಜೇಬಿನಿಂದ ತೆಗೆದು ಒಂದು ಬಾಳೆಹಣ್ಣೂ ಇಟ್ಟೆ.